ಬಾತ್‌ರೂಮ್ ಟೈಲ್ಸ್ ಸಂದು: ಆಸಿಡ್ ಹಾಕಿದ ಮೇಲೆ ಇನ್ನೂ ಕಪ್ಪಾಯಿತು, ಈಗ ಪುಡಿ ಉದುರುತ್ತಿದೆ

ಎರಡನೇ_ಮಹಡಿ
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ತಲೆ ತಿನ್ನುತ್ತಿದೆ.

ನಮ್ಮ ಮನೆ ಯಲಹಂಕದ ಕಡೆ. ಕಟ್ಟಿ ಒಂಬತ್ತು ವರ್ಷ ಆಯಿತು. ಕಾವೇರಿ ನೀರು ಅಪರೂಪಕ್ಕೆ, ಉಳಿದ ದಿನವೆಲ್ಲ ಬೋರ್‌ವೆಲ್. ಬಾತ್‌ರೂಮ್ ನೆಲಕ್ಕೆ ತಿಳಿ ಬೂದು ಬಣ್ಣದ ಒಂದಡಿ ಟೈಲ್ಸ್, ಸಂದಿಗೆ ತುಂಬಿದ್ದು ಬಿಳಿ ಗ್ರೌಟ್. ಅದು ಬಿಳಿ ಇತ್ತು ಅಂದರೆ ಈಗ ಯಾರೂ ನಂಬುವುದಿಲ್ಲ.

ಹೋದ ವರ್ಷ ಹಾರ್ಡ್‌ವೇರ್ ಅಂಗಡಿಯವರ ಮಾತು ಕೇಳಿ ಒಂದು ಲೀಟರ್ ಆಸಿಡ್ ತಂದು ನೇರವಾಗಿ ಸುರಿದೆ. ಬುಸ್ ಅಂತ ನೊರೆ ಎದ್ದಿತು. ತೊಳೆದ ಮೇಲೆ ಹಾಲಿನ ಹಾಗೆ ಬೆಳ್ಳಗೆ. ಎರಡು ವಾರ ಹಾಗೇ ಇತ್ತು, ಆಮೇಲೆ ಮತ್ತೆ ಕಪ್ಪು. ಮತ್ತೆ ಆಸಿಡ್. ಹೀಗೆ ನಾಲ್ಕು ಸಲ ಆಯಿತು. ಈಗ ಮೊದಲಿಗಿಂತ ಬೇಗ ಕಪ್ಪಾಗುತ್ತಿದೆ. ನೀರು ಹೋಗುವ ಜಾಲರಿ ಹತ್ತಿರ ಉಗುರಿನಿಂದ ಕೆರೆದರೆ ಗ್ರೌಟ್ ಪುಡಿಪುಡಿಯಾಗಿ ಬರುತ್ತದೆ.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿ "ಎಲ್ಲಾ ಕಿತ್ತು ಹೊಸ ಟೈಲ್ಸ್ ಹಾಕಿಸಿ ಸಾರ್" ಎಂದರು. ಮುಂದಿನ ತಿಂಗಳು ಮನೆಯಲ್ಲಿ ಮದುವೆ ನೆಂಟರು ಇಳಿಯುತ್ತಾರೆ. ಟೈಲ್ಸ್ ಕೀಳದೆ ಏನಾದರೂ ದಾರಿ ಇದೆಯಾ?

ಒಗ್ಗರಣೆ_ಡಬ್ಬಿ
ಅಡಿಗೆ ಸೋಡಾ ಹಾಕಿ, ಮೇಲೆ ವಿನೆಗರ್ ಸುರಿಯಿರಿ. ನೊರೆ ಬಂದಾಗ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನಾನು ಹತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ನಿವೃತ್ತ_ಮೇಷ್ಟ್ರು
ಅಮ್ಮಾ, ನೊರೆ ನೋಡಿ ಮೋಸ ಹೋಗಬೇಡಿ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದು ಹಾಕುತ್ತವೆ. ಉಳಿಯುವುದು ನೀರು ಮತ್ತು ಸ್ವಲ್ಪ ಉಪ್ಪು. ನಿಮ್ಮ ಮನೆ ಸಂದು ಬೆಳ್ಳಗಾಗಿದ್ದರೆ ಅದು ಬ್ರಷ್ ಹಿಡಿದ ನಿಮ್ಮ ಕೈಯ ಪುಣ್ಯ.

ಈಗ ಪ್ರಶ್ನೆ ಕೇಳಿದವರಿಗೆ. ನೀವು ಕೊಳೆ ತೆಗೆದಿಲ್ಲ, ಗ್ರೌಟನ್ನೇ ತೆಗೆದಿದ್ದೀರಿ. ಸಾಮಾನ್ಯ ಗ್ರೌಟ್ ಅಂದರೆ ಸಿಮೆಂಟು. ಸಿಮೆಂಟಿನಲ್ಲಿರುವುದು ಸುಣ್ಣದ ಅಂಶ. ಅಂಗಡಿಯವರು ಕೊಟ್ಟ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಮೇಲೆ ಅದು ಬಿದ್ದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ, ಸುಣ್ಣ ಕರಗಿ ನೀರಿನ ಜೊತೆ ಹೋಗುತ್ತದೆ. ಆ ಬುಸ್ ಅನ್ನುವ ಸದ್ದು ನಿಮ್ಮ ಗ್ರೌಟ್ ಕರಗುವ ಸದ್ದು. ಮೇಲಿನ ಕಪ್ಪು ಪದರ ಸಿಮೆಂಟಿನ ಜೊತೆಯೇ ಕೊಚ್ಚಿ ಹೋಯಿತು, ಒಳಗಿನ ಹೊಸ ಬಿಳಿ ಕಂಡಿತು. ಆದರೆ ಆ ಹೊಸ ಮುಖ ಇಡ್ಲಿ ಹಾಗೆ ತೂತು ತೂತು. ಸೋಪಿನ ನೀರು, ಮೈ ಕೊಳೆ, ಎಣ್ಣೆ, ಬೂಷ್ಟು ಎಲ್ಲ ಅದರೊಳಗೆ ಇಳಿಯುತ್ತವೆ. ಹಾಗಾಗಿ ಪ್ರತಿ ಸಲ ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಎರಡನೇ_ಮಹಡಿ
ಇಡ್ಲಿ ಹೋಲಿಕೆ ಮನಸ್ಸಿಗೆ ತಾಕಿತು ಸಾರ್. ಹಾಗಾದರೆ ಹಣ ಕೊಟ್ಟು ನಾನೇ ಹಾಳು ಮಾಡಿಕೊಂಡೆ ಅಂತ ಆಯಿತು.

ಬೀದರ್_ಬಿಸಿಲು
ಒಬ್ಬರೇ ಅಲ್ಲ ಬಿಡಿ. ಕಲಬುರಗಿಯ ನಮ್ಮ ಅಜ್ಜನ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ. ಅಣ್ಣನ ಮದುವೆಗೆ ಹೊಳೆಯಲಿ ಅಂತ ಯಾರೋ ಆಸಿಡ್ ಹಾಕಿ ತೊಳೆದರು. ಶಹಾಬಾದ್ ಕಲ್ಲೇ ಸುಣ್ಣದ ಕಲ್ಲು. ಸಂದು ಬಿಡಿ, ಕಲ್ಲಿನ ಮುಖವೇ ಬಿಳಚಿಕೊಂಡಿತು. ಈಗಲೂ ಅಡಿಗೆಮನೆ ಮೂಲೆಯಲ್ಲಿ ಆಸಿಡ್ ಹರಿದ ದಾರಿ ನಕ್ಷೆ ಹಾಗೆ ಕಾಣುತ್ತದೆ. ಕಡಪ ಕಲ್ಲಿಗೂ ಇದೇ ಕಥೆ, ಮಾರ್ಬಲ್‌ಗೂ ಇದೇ ಕಥೆ.

ಗಾರೆ_ಕೆಲಸ_ಹಾಸನ
ನಾನು ಟೈಲ್ಸ್ ಹಾಕುವ ಕೆಲಸದಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಒಂದು ಮಾತು ಕೇಳಿ. ನಿಮ್ಮ ಸಂದಿನಲ್ಲಿ ಇರುವುದು ಗ್ರೌಟ್ ಹೌದೋ ಅಲ್ಲವೋ ಅಂತ ಮೊದಲು ನೋಡಿ. ಒಂಬತ್ತು ವರ್ಷದ ಹಿಂದೆ ಎಷ್ಟೋ ಕಡೆ ಬಿಳಿ ಸಿಮೆಂಟಿಗೆ ಸ್ವಲ್ಪ ಬಣ್ಣ ಕಲಸಿ ತಿಕ್ಕಿ ಬಿಡುತ್ತಿದ್ದರು. ಈಗಲೂ ಬಿಡುತ್ತಾರೆ. ಬರೀ ಬಿಳಿ ಸಿಮೆಂಟ್ ಒಣಗುವಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ.

ಇನ್ನೊಂದು, ಸಂದು ಎಷ್ಟು ಅಗಲ ಇದೆ? ಸ್ಪೇಸರ್ ಇಟ್ಟು 2 ಅಥವಾ 3 ಮಿ.ಮೀ. ಬಿಟ್ಟಿದ್ದರೆ ಪರವಾಗಿಲ್ಲ. ಪೇಪರ್ ಜಾಯಿಂಟ್ ಅಂತ ಟೈಲ್ಸ್‌ಗೆ ಟೈಲ್ಸ್ ತಾಗಿಸಿ ಹಾಕಿದ್ದರೆ ಒಳಗೆ ಗ್ರೌಟ್ ಇಳಿದೇ ಇರುವುದಿಲ್ಲ, ಮೇಲೆ ಬರೀ ಗೆರೆ ಎಳೆದ ಹಾಗೆ ಇರುತ್ತದೆ. ಮನೆ ಮಾಲೀಕರೇ "ಗೆರೆ ಕಾಣಬಾರದು, ಒತ್ತಿ ಹಾಕು" ಅನ್ನುತ್ತಾರೆ. ಐದು ವರ್ಷ ಆದ ಮೇಲೆ ಬೈಯುವುದು ನಮ್ಮನ್ನು.

ಎರಡನೇ_ಮಹಡಿ
ಅಳೆದೆ. ಒಂದು ರೂಪಾಯಿ ನಾಣ್ಯ ಆರಾಮಾಗಿ ಒಳಗೆ ಹೋಗುತ್ತದೆ. ಎರಡು ಮಿ.ಮೀ.ಗೆ ಹತ್ತಿರ ಇರಬೇಕು.

ಗಾರೆ_ಕೆಲಸ_ಹಾಸನ
ಹಾಗಾದರೆ ಟೈಲ್ಸ್ ಕೀಳುವ ಅಗತ್ಯವೇ ಇಲ್ಲ. ಗಟ್ಟಿ ಇರುವ ಕಡೆ ತೊಳೆಯಿರಿ. ಪುಡಿ ಆದ ಕಡೆ ಮಾತ್ರ ಕೆರೆದು ಹೊಸದು ತುಂಬಿಸಿ.

ಕರಾವಳಿ_ಕಾಗೆ
ಮಂಗಳೂರಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಣಗಿದ್ದು ಅಂತ ಯಾವುದೂ ಇಲ್ಲ. ಬಟ್ಟೆ ಇಲ್ಲ, ಗೋಡೆ ಇಲ್ಲ, ಇನ್ನು ಗ್ರೌಟ್ ಎಲ್ಲಿ. ನಮ್ಮದು ಕಪ್ಪಲ್ಲ, ಹಸಿರು ಪಾಚಿ. ಜೊತೆಗೆ ಬಾವಿ ನೀರಿನ ಕಬ್ಬಿಣದ ಕೆಂಪು ಕಲೆ. ಮೂರು ಬಣ್ಣ ಸೇರಿ ರಂಗೋಲಿ.

ಬ್ಲೀಚ್ ಹಾಕಿದರೆ ಪಾಚಿ ಹೋಗುತ್ತದೆ, ಕೆಂಪು ಕಲೆ ಅಲ್ಲಾಡುವುದಿಲ್ಲ. ಅದಕ್ಕೆ ಏನು?

ನಿವೃತ್ತ_ಮೇಷ್ಟ್ರು
ಕಬ್ಬಿಣದ ಕಲೆಗೆ ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಗಟ್ಟಿ ಕೂರುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಒಂದು ಲೀಟರ್ ನೀರಿಗೆ ಒಂದೆರಡು ಚಮಚ ಸಾಕು. ಆದರೆ ಮೊದಲು ನೆಲಕ್ಕೆ ಬರೀ ನೀರು ಸುರಿದು ಗ್ರೌಟ್ ಚೆನ್ನಾಗಿ ನೆನೆಯಲು ಬಿಡಿ. ಸಂದು ನೀರು ಕುಡಿದಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ, ಮೇಲೆಯೇ ಕೆಲಸ ಮಾಡುತ್ತದೆ. ಎರಡು ಮೂರು ನಿಮಿಷ, ಉಜ್ಜಿ, ಧಾರಾಳ ನೀರಿನಿಂದ ತೊಳೆಯಿರಿ. ಇದು ವರ್ಷಕ್ಕೆ ಒಂದೆರಡು ಸಲದ ಮಾತು, ಶುಕ್ರವಾರದ ವ್ರತ ಅಲ್ಲ. ಬೋರ್‌ವೆಲ್ ಉಪ್ಪಿನ ಬಿಳಿ ಪೊರೆಗೂ ಇದೇ ಉಪಾಯ.

ಕರಾವಳಿ_ಕಾಗೆ
ಸರಿ ಸಾರ್. ಬಾವಿ ಕಟ್ಟೆ ಹತ್ತಿರ ಮೊದಲು ನೋಡುತ್ತೇನೆ.

ಸುಮ್ನೆ_ಓದುಗ
ಆಸಿಡ್ ಮತ್ತು ಬ್ಲೀಚ್ ಎರಡನ್ನೂ ಸೇರಿಸಿದರೆ ಕೆಲಸ ಬೇಗ ಆಗಲ್ವಾ?

ನಿವೃತ್ತ_ಮೇಷ್ಟ್ರು
ಬೇಡ. ಬೇಡ. ಬೇಡ.

ಟಾಯ್ಲೆಟ್ ತೊಳೆಯುವ ದ್ರವಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮೊದಲನೇ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಐದಡಿ ಎಂಟಡಿ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅದನ್ನು ತಯಾರಿಸಬೇಡಿ.

ಬಸವನಗುಡಿ_ಬಳೆ
ನಮ್ಮ ಮನೆಯಲ್ಲಿ ಆಗಿದೆ ಇದು. ಬೆಳಿಗ್ಗೆ ನಾನು ಬ್ಲೀಚ್ ಹಾಕಿ ನೆನೆಯಲು ಬಿಟ್ಟಿದ್ದೆ. ಹೇಳುವುದು ಮರೆತೆ. ಕೆಲಸದವರು ಬಂದು ಎಂದಿನ ಹಾಗೆ ಟಾಯ್ಲೆಟ್ ದ್ರವ ಸುರಿದರು. ಕೆಮ್ಮುತ್ತಾ ಓಡಿ ಬಂದರು, ಕಣ್ಣಲ್ಲಿ ಧಾರೆ ನೀರು. ಇಡೀ ಮನೆಯ ಕಿಟಕಿ ತೆಗೆದು ಎಲ್ಲರೂ ವರಾಂಡದಲ್ಲಿ ನಿಂತೆವು. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ದೇವರ ದಯೆ ಏನೂ ಆಗಲಿಲ್ಲ. ತಪ್ಪು ಪೂರ್ತಿ ನನ್ನದು. ಅವತ್ತಿನಿಂದ ಮನೆಯಲ್ಲಿ ಎರಡರಲ್ಲಿ ಒಂದೇ ಬಾಟಲಿ ಇರುತ್ತದೆ.

ಇನ್ನೂ ಒಂದು ಹೇಳಬೇಕು. ಆಸಿಡ್ ತಂದು ಕೊಟ್ಟು "ಚೆನ್ನಾಗಿ ಉಜ್ಜಮ್ಮ" ಅನ್ನುವವರು ಜೊತೆಗೆ ಒಂದು ಜೊತೆ ಗ್ಲೌಸ್ ಕೊಡುವುದನ್ನು ನಾನು ಹೆಚ್ಚು ನೋಡಿಲ್ಲ.

ಬೀದರ್_ಬಿಸಿಲು
ಆ ಕೊನೆ ಸಾಲು ಫ್ರೇಮ್ ಹಾಕಿಸಿ ಪ್ರತಿ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಹಚ್ಚಬೇಕು.

ಮಲೆನಾಡ_ಮಳೆ
ಆಸಿಡ್ ಬೇಡ, ಬ್ಲೀಚ್ ಬೇಡ, ಸೋಡಾ ವಿನೆಗರ್ ಬೇಡ. ಹಾಗಾದರೆ ಏನು ಬೇಕು? ಯಾರಾದರೂ ಅದನ್ನೂ ಹೇಳಿ ಮಾರಾಯ್ರೆ.

ಜಯನಗರ_ಜೇನು
ನಾನು ಹೇಳುತ್ತೇನೆ. ಸೋಡಿಯಂ ಪರ್ಕಾರ್ಬೊನೇಟ್. ಹೆಸರು ದೊಡ್ಡದು, ವಸ್ತು ಸಾದಾ. ಆಕ್ಸಿಜನ್ ಬ್ಲೀಚ್ ಅಂತಾರೆ. ಬಟ್ಟೆ ಕಲೆ ತೆಗೆಯುವ ವ್ಯಾನಿಶ್ ಪುಡಿಯಲ್ಲಿ ಇರುವುದೂ ಇದೇ. ಬಿಡಿಯಾಗಿ ಆನ್‌ಲೈನ್‌ನಲ್ಲೂ ಸಿಗುತ್ತದೆ. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಮೊದಲನೆಯದು ಬೂಷ್ಟು, ಕಲೆಗೆ. ಎರಡನೆಯದು ಜಿಡ್ಡಿಗೆ. ಕ್ಷಾರ ಆಗಿರುವುದರಿಂದ ಸಿಮೆಂಟನ್ನು ತಿನ್ನುವುದಿಲ್ಲ.

ನಾನು ಮಾಡುವ ರೀತಿ: ಸ್ನಾನದ ನೀರಿಗಿಂತ ಬಿಸಿ ಇರುವ ಒಂದು ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ಪುಡಿ. ಸಂದಿನ ಮೇಲೆ ಸುರಿದು ಅರ್ಧ ಗಂಟೆ ಒಣಗದ ಹಾಗೆ ನೋಡಿಕೊಳ್ಳುವುದು. ಆಮೇಲೆ ಗಟ್ಟಿ ನೈಲಾನ್ ಬ್ರಷ್. ತಂತಿ ಬ್ರಷ್ ಬೇಡ, ಗ್ರೌಟ್ ಕಿತ್ತು ಬರುತ್ತದೆ, ತಂತಿ ಚೂರು ಉಳಿದು ತುಕ್ಕು ಹಿಡಿಯುತ್ತದೆ. ಆ ಕೊಳೆ ನೀರು ಅಲ್ಲೇ ಒಣಗಲು ಬಿಡಬೇಡಿ, ಮತ್ತೆ ಸಂದಿನೊಳಗೇ ಕೂರುತ್ತದೆ. ಬಟ್ಟೆಯಿಂದ ಹೀರಿ ತೆಗೆಯಿರಿ.

ಒಂದು ಎಚ್ಚರಿಕೆ. ಕಲಸಿದ್ದು ಉಳಿದರೆ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಇಡಬೇಡಿ. ಆಕ್ಸಿಜನ್ ಬರುತ್ತಲೇ ಇರುತ್ತದೆ, ಬಾಟಲಿ ಉಬ್ಬಿ ಸಿಡಿಯುತ್ತದೆ. ನಮ್ಮ ಯಜಮಾನರ ಉಳಿತಾಯ ಬುದ್ಧಿಯಿಂದ ಕಲಿತ ಪಾಠ.

ಒಗ್ಗರಣೆ_ಡಬ್ಬಿ
ಸರಿ ಸರಿ, ನನ್ನ ನೊರೆ ಸೋತಿತು. ಆದರೆ ನನ್ನದೊಂದು ಪ್ರಶ್ನೆಗೆ ಉತ್ತರ ಕೊಡಿ ಮೇಷ್ಟ್ರೆ. ದೇವರ ಮನೆ ಹೊಸ್ತಿಲಿಗೆ ಅರಿಶಿನ ಹಚ್ಚುತ್ತೇನೆ. ಅದು ಹರಿದು ಪಕ್ಕದ ಟೈಲ್ಸ್ ಸಂದಿಗೆ ಇಳಿದಿದೆ. ವಾಷಿಂಗ್ ಸೋಡಾ ಹಾಕಿ ಉಜ್ಜಿದೆ. ಹಳದಿ ಹೋಗಲಿಲ್ಲ, ಕೆಂಪಾಯಿತು! ಕುಂಕುಮ ಚೆಲ್ಲಿದ ಹಾಗೆ. ಅತ್ತೆಯವರು ಏನೋ ಅಪಶಕುನ ಅಂತ ಹೆದರಿದರು.

ನಿವೃತ್ತ_ಮೇಷ್ಟ್ರು
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದಿಲ್ಲವೇ? ಅದೇ ಇದು. ಅರಿಶಿನದ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪು. ಸುಣ್ಣವೂ ಕ್ಷಾರ, ವಾಷಿಂಗ್ ಸೋಡಾವೂ ಕ್ಷಾರ. ಚೆನ್ನಾಗಿ ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ. ಆ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ. ಕಿಟಕಿ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನದಲ್ಲಿ ತಾನೇ ಮಾಸುತ್ತದೆ.

ಒಗ್ಗರಣೆ_ಡಬ್ಬಿ
ಅಯ್ಯೋ, ಓಕುಳಿ! ನಲವತ್ತು ವರ್ಷದಿಂದ ಕೈಯಾರೆ ಮಾಡುತ್ತಾ ಬಂದಿದ್ದೇನೆ, ಹೊಳೆಯಲೇ ಇಲ್ಲ.

ಹಂಚಿನ_ಮನೆ
ನನಗೆ ಈ ಟೈಲ್ಸ್ ಸಹವಾಸವೇ ಬೇಡ ಅನ್ನಿಸುತ್ತದೆ. ನಮ್ಮ ಹಳೆ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ. ಸಂದಿಲ್ಲ, ಗೆರೆಯಿಲ್ಲ. ಬರಿಗಾಲಲ್ಲಿ ನಡೆದು ನಡೆದೇ ಹೊಳಪು ಬಂತು. ಟೈಲ್ಸ್ ಅಂದರೆ ನಮಗೆ ಮಾಡಿನ ಮೇಲೆ ಇರುವುದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಯಾರಿಗೆ ಗೊತ್ತಿತ್ತು, ಮುಂದೆ ಜನ ಟೈಲ್ಸನ್ನು ನೆಲಕ್ಕೆ ಹಾಕಿ ಹಲ್ಲುಜ್ಜುವ ಬ್ರಷ್ ಹಿಡಿದು ಕೂರುತ್ತಾರೆ ಅಂತ.

ಗಾರೆ_ಕೆಲಸ_ಹಾಸನ
ರೆಡ್ ಆಕ್ಸೈಡ್ ಬಿರುಕು ಬಿಟ್ಟರೆ ತೇಪೆ ಹಾಕಲು ಬರುವುದಿಲ್ಲ ಸಾರ್. ಹಾಕಿದರೂ ಬಣ್ಣ ಬೇರೆ ಕಾಣುತ್ತದೆ. ಚೆನ್ನಾಗಿ ತಿಕ್ಕುವ ಕೈಗಳೂ ಕಡಿಮೆ ಆಗಿವೆ. ಟೈಲ್ಸ್ ಆದರೆ ಒಂದು ಹೋದರೆ ಒಂದು ಬದಲಿಸಬಹುದು. ಮನೆ ಕಟ್ಟುವಾಗ ಒಂದು ಬಾಕ್ಸ್ ಎತ್ತಿಡಿ ಅಂತ ಎಷ್ಟು ಹೇಳಿದರೂ ಯಾರೂ ಇಡುವುದಿಲ್ಲ, ಅದು ಬೇರೆ ಮಾತು.

ಮಿಲ್ಟನ್‌ಕೀನ್ಸ್_ಕನ್ನಡಿಗ
ಇಂಗ್ಲೆಂಡಿನಿಂದ. ಇಲ್ಲಿ ನಮ್ಮ ಬಾತ್‌ರೂಮ್ ನೆಲಕ್ಕೆ ನೀರು ಹೋಗುವ ದಾರಿಯೇ ಇಲ್ಲ. ಅಮ್ಮ ಬಂದಾಗ ಚೊಂಬಿನಲ್ಲಿ ತಲೆಗೆ ಸುರಿದುಕೊಂಡರು, ನೀರು ಕೆಳಗಿನ ಊಟದ ಕೋಣೆಗೆ ಬಂತು. ನೆಲ ಒಣ ಇದ್ದರೂ ಶವರ್ ಸುತ್ತ ಗೋಡೆಯ ಗ್ರೌಟ್ ಕಪ್ಪಾಗುತ್ತದೆ, ಚಳಿಗೆ ಕಿಟಕಿ ತೆಗೆಯುವುದಿಲ್ಲವಲ್ಲ. ಸ್ನಾನ ಆದ ಮೇಲೆ ವೈಪರ್ ಎಳೆದು ಫ್ಯಾನ್ ಅರ್ಧ ಗಂಟೆ ಬಿಟ್ಟರೆ ಅರ್ಧ ಸಮಸ್ಯೆ ಕಡಿಮೆ. ಇನ್ನೊಂದು, ಸಿಂಕ್ ಅಂಚಿನ ಸಿಲಿಕೋನ್ ಒಳಗೆ ಕಪ್ಪಾಗಿದ್ದರೆ ಉಜ್ಜಿ ಉಪಯೋಗವಿಲ್ಲ. ಬ್ಲೇಡಿನಿಂದ ಕತ್ತರಿಸಿ ಹೊಸದು ಹಾಕಬೇಕು.

ಮಲೆನಾಡ_ಮಳೆ
ಅಮ್ಮನ ಕಥೆ ಪೂರ್ತಿ ಹೇಳಿ. ಊಟದ ಕೋಣೆಯಲ್ಲಿ ಯಾರಿದ್ದರು?

ಮಿಲ್ಟನ್‌ಕೀನ್ಸ್_ಕನ್ನಡಿಗ
ಮನೆ ಮಾಲೀಕರು. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕಿಸಲು ಬಂದಿದ್ದರು.

ಐಟಿ_ಗೆಳೆಯ
ಇಷ್ಟೆಲ್ಲ ಯಾಕೆ? ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರೆಸಿನ್ ಅಂಟಿನದು) ಹಾಕಿಸಿ, ಮರೆತುಬಿಡಿ. ನೀರು ಕುಡಿಯುವುದಿಲ್ಲ, ಕಲೆ ಹಿಡಿಯುವುದಿಲ್ಲ. ಸಿಮೆಂಟ್ ಗ್ರೌಟ್ ಹಾಕುವುದು ಈ ಕಾಲದಲ್ಲಿ ದಡ್ಡತನ.

ಗಾರೆ_ಕೆಲಸ_ಹಾಸನ
ದಡ್ಡತನ ಅನ್ನಬೇಡಿ. ಎಪಾಕ್ಸಿ ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಹಳೆ ಸಂದಿನ ಮೇಲೆ ಬಳಿದರೆ ಸಿಪ್ಪೆ ಹಾಗೆ ಎದ್ದು ಬರುತ್ತದೆ. ಹಳೆಯದನ್ನು ಸಂದಿನ ಆಳದ ಮೂರರಲ್ಲಿ ಎರಡು ಭಾಗವಾದರೂ ಕೆರೆದು ತೆಗೆಯಬೇಕು. ಸಂದು ಪೂರ್ತಿ ಒಣಗಿರಬೇಕು. ಒಂದೇ ಬಾತ್‌ರೂಮ್ ಇರುವ ಮನೆಯವರು ಅಷ್ಟು ದಿನ ಎಲ್ಲಿ ಸ್ನಾನ ಮಾಡುತ್ತಾರೆ?

ರೆಸಿನ್, ಹಾರ್ಡನರ್, ಪುಡಿ, ಮೂರನ್ನೂ ಅಳತೆಯಲ್ಲೇ ಕಲಸಬೇಕು. ಅಂದಾಜಿಗೆ ಹಾಕಿದರೆ ಗಟ್ಟಿಯೇ ಆಗುವುದಿಲ್ಲ. ಸರಿ ಕಲಸಿದರೆ ನಮ್ಮ ಬಿಸಿಲಿಗೆ ಬೇಗ ಬಿಗಿಯುತ್ತದೆ, ಕೈ ಓಡಬೇಕು. ಟೈಲ್ಸ್ ಮೇಲೆ ಉಳಿದದ್ದನ್ನು ಆಗಲೇ ಒರೆಸದಿದ್ದರೆ ಮಂಜಿನ ಹಾಗೆ ಪೊರೆ ಕೂರುತ್ತದೆ, ಆಮೇಲೆ ದೇವರೇ ಗತಿ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಬಿಳಿ ಎಪಾಕ್ಸಿ ಹಳದಿಗೂ ತಿರುಗುತ್ತದೆ.

ಐಟಿ_ಗೆಳೆಯ
ಮಂಜಿನ ಪೊರೆ ವಿಷಯ ಸತ್ಯ. ನಮ್ಮ ಅಡಿಗೆಮನೆ ನೆಲಕ್ಕೆ ಅದೇ ಆಗಿದೆ. ಹೆಂಡತಿ ಕೇಳಿದರೆ "ಮ್ಯಾಟ್ ಫಿನಿಶ್" ಅಂದಿದ್ದೇನೆ.

ಬಸವನಗುಡಿ_ಬಳೆ
ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ನೀರು ಜಿನುಗುತ್ತಿದೆ. ಎಪಾಕ್ಸಿ ತುಂಬಿಸಿದರೆ ನಿಲ್ಲುತ್ತದಾ?

ಗಾರೆ_ಕೆಲಸ_ಹಾಸನ
ಅದನ್ನು ನಂಬಿಕೊಳ್ಳಬೇಡಿ. ನೀರು ತಡೆಯುವುದು ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಗ್ರೌಟ್ ಬರೀ ಸಂದು ತುಂಬುವ ವಸ್ತು. ಮೊದಲು ಪೈಪ್ ಜಾಯಿಂಟ್, ಜಾಲರಿ ಸುತ್ತ ನೋಡಿಸಿ. ಸೋರಿಕೆಯ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಎರಡನೇ_ಮಹಡಿ
ಹನ್ನೆರಡು ದಿನ ಆದ ಮೇಲೆ ಬರುತ್ತಿದ್ದೇನೆ.

ಜಯನಗರ_ಜೇನು ಹೇಳಿದ ಪುಡಿ ತಂದೆ. ಎರಡು ಸಂಜೆ ಉಜ್ಜಿದೆ. ಬಂದ ನೀರಿನ ಬಣ್ಣ ಫಿಲ್ಟರ್ ಡಿಕಾಕ್ಷನ್. ಗಟ್ಟಿ ಇದ್ದ ಕಡೆ ಬಿಳಿ ಆಗಲಿಲ್ಲ, ಆದರೆ ತಿಳಿ ಬೂದು ಬಣ್ಣಕ್ಕೆ ಬಂತು, ಕಣ್ಣಿಗೆ ಹಿತವಾಗಿದೆ. ಜಾಲರಿ ಸುತ್ತ ಪುಡಿ ಆಗಿದ್ದನ್ನು ಗ್ರೌಟ್ ಕೆರೆಯುವ ಕೈಗರಗಸದಿಂದ ತೆಗೆದೆ. ಮೆಷಿನ್ ತರಲಿಲ್ಲ, ಟೈಲ್ಸ್ ಅಂಚು ಒಡೆದೀತು ಅಂತ ಭಯ. ಮೊಣಕಾಲು ಹೋಯಿತು. ಒಂದೂವರೆ ಚದರ ಮೀಟರ್ ಕೆರೆಯಲು ಮೂರು ಗಂಟೆ.

ಮರಳಿಲ್ಲದ ಗ್ರೌಟ್ ತಂದೆ. 3 ಮಿ.ಮೀ. ಒಳಗಿನ ಸಂದಿಗೆ ಅದೇ ಸರಿ ಅಂತ ಚೀಲದ ಮೇಲೇ ಬರೆದಿತ್ತು. ಮೊದಲ ಸಲ ನೀರು ಜಾಸ್ತಿ ಆಗಿ ದೋಸೆ ಹಿಟ್ಟಾಯಿತು, ಎಸೆದೆ. ಎರಡನೇ ಸಲ ಚಪಾತಿಗಿಂತ ಮೆತ್ತಗೆ, ದೋಸೆಗಿಂತ ಗಟ್ಟಿ. ರಬ್ಬರ್ ಪಟ್ಟಿಯಿಂದ ಸಂದಿಗೆ ಅಡ್ಡವಾಗಿ ಒತ್ತಿ ತುಂಬಿದೆ. ಬಿಳಿ ತರಲಿಲ್ಲ, ಬೂದು ತಂದೆ. ಮೂರು ದಿನ ಪಕ್ಕದ ಮನೆಯಲ್ಲಿ ಸ್ನಾನ.

ಜಯನಗರ_ಜೇನು
ಭೇಷ್! ಗ್ರೌಟ್ ನೀರು ಕುಡಿಯದ ಹಾಗೆ ಮೇಲೆ ಸೀಲರ್ ಹಚ್ಚಿದಿರಾ?

ಎರಡನೇ_ಮಹಡಿ
ಹಚ್ಚಿದೆ. ಮರುದಿನ ಎರಡು ಹನಿ ನೀರು ಬಿಟ್ಟು ನೋಡಿದೆ, ಕೆಸುವಿನ ಎಲೆ ಮೇಲೆ ನಿಂತ ಹಾಗೆ ನಿಂತಿತು. ಹಳೆ ಗ್ರೌಟ್ ಮೇಲೆ ಬಿಟ್ಟರೆ ಆಗಲೇ ಕುಡಿದು ಕಪ್ಪಾಗುತ್ತಿತ್ತು. ಮಗಳು ಈಗ ದಿನಾ ಹನಿ ಬಿಟ್ಟು ಆಡುತ್ತಾಳೆ.

ಗಾರೆ_ಕೆಲಸ_ಹಾಸನ
ಆ ಹನಿ ಕುಡಿಯಲು ಶುರು ಮಾಡಿದ ದಿನ ಮತ್ತೆ ಸೀಲರ್ ಹಚ್ಚಿ. ಕ್ಯಾಲೆಂಡರ್ ನೋಡುವುದು ಬೇಡ. ಹಾಸನದ ಕಡೆ ಬಂದರೆ ಹೇಳಿ, ಕೆಲಸ ಕೊಡುತ್ತೇನೆ.

ನಿವೃತ್ತ_ಮೇಷ್ಟ್ರು
ಒಂದು ಪ್ರಶ್ನೆ. ಆ ಆಸಿಡ್ ಪೂರ್ತಿ ಖರ್ಚಾಯಿತೇ?

ಎರಡನೇ_ಮಹಡಿ
ಇಲ್ಲ ಸಾರ್, ಕಾಲು ಭಾಗ ಉಳಿದಿದೆ. ಸಿಂಕ್ ಕೆಳಗಿದೆ.

ನಿವೃತ್ತ_ಮೇಷ್ಟ್ರು
ಯಾವ ಬಾಟಲಿಯಲ್ಲಿ?

ಎರಡನೇ_ಮಹಡಿ
ಅಂಗಡಿಯವರು ಕೊಟ್ಟದ್ದೇ. ಕುಡಿಯುವ ನೀರಿನ ಹಳೇ ಬಾಟಲಿ. ಲೇಬಲ್ ಹರಿದಿದೆ.

ನಿವೃತ್ತ_ಮೇಷ್ಟ್ರು
2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಹೆಸರು ವಿಳಾಸ ಬರೆದುಕೊಳ್ಳಬೇಕು. ನೀರಿನ ಬಾಟಲಿಗೆ ಸುರಿದು ಕೊಡುವುದು ಅಂಗಡಿಯವರ ತಪ್ಪು. ಹನಿ ಬಿಟ್ಟು ಆಡುವ ಮಗು ಇರುವ ಮನೆಯಲ್ಲಿ ಅದನ್ನು ಸಿಂಕ್ ಕೆಳಗೆ ಇಟ್ಟದ್ದು ನಿಮ್ಮ ತಪ್ಪು. ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ, ಮನೆ ಹೊರಗೆ ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ ತುಂಬ ನೀರು ಇಡಿ. ನೀರಿಗೆ ಆಸಿಡ್ ನಿಧಾನವಾಗಿ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಬಾರದು. ಆಮೇಲೆ ಚಮಚ ಚಮಚವಾಗಿ ವಾಷಿಂಗ್ ಸೋಡಾ, ಗುಳ್ಳೆ ನಿಲ್ಲುವವರೆಗೆ. ಅಷ್ಟಾದ ಮೇಲೆ ಚರಂಡಿಗೆ.

ಒಗ್ಗರಣೆ_ಡಬ್ಬಿ
ನೋಡಿದಿರಾ, ಕೊನೆಗೂ ನನ್ನ ನೊರೆಗೆ ಕೆಲಸ ಬಂತು.

ಎರಡನೇ_ಮಹಡಿ
ಬಾಟಲಿ ಈಗಲೇ ಟೆರೇಸಿಗೆ ತಂದೆ. ಬೆಳಕಾಗಲಿ, ಬೆಳಿಗ್ಗೆ ಮೊದಲ ಕೆಲಸ ಇದೇ. ಅಲ್ಲಿಯವರೆಗೆ ಟೆರೇಸ್ ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಜೇಬಿನಲ್ಲಿ.